ಜೋಹಾನ್ಸ್‌ಬರ್ಗ್‌ನಿಂದ ಮಾರ್ಗೇಟ್ ಬೈಕ್ ರ‍್ಯಾಲಿಗೆ ವಾರಾಂತ್ಯದಲ್ಲಿ ಹೋಗಿ ಬರಬಹುದೇ?

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಮೂವರು ಜೋಹಾನ್ಸ್‌ಬರ್ಗ್‌ನಲ್ಲೇ ಇದ್ದೇವೆ, ಒಬ್ಬ ಬೆಂಗಳೂರಿನಿಂದ ಬರುತ್ತಿದ್ದಾನೆ. ಎರಡು ಹಿಮಾಲಯನ್ 411, ಒಂದು ಕ್ಲಾಸಿಕ್ 350, ಅವನಿಗೆ ಬಾಡಿಗೆಯ ಬಿಎಂಡಬ್ಲ್ಯೂ ಆರ್ 1250 ಜಿಎಸ್. ಏಪ್ರಿಲ್ ಕೊನೆಗೆ ದಕ್ಷಿಣ ಆಫ್ರಿಕಾದ ಕರಾವಳಿಯ ಮಾರ್ಗೇಟ್‌ನ ಬೈಕ್ ರ‍್ಯಾಲಿಗೆ ಶುಕ್ರವಾರ ಹೊರಟು ಭಾನುವಾರ ರಾತ್ರಿ ಮನೆ ಸೇರಬಹುದೇ? ಏನು ಸಿದ್ಧತೆ ಬೇಕು?

ಉತ್ತರ:

ಶುಕ್ರವಾರ ಸಂಜೆಯೊಳಗೆ ಮಾರ್ಗೇಟ್ ತಲುಪುವುದು ಕಷ್ಟವಲ್ಲ. ಭಾನುವಾರ ಒಂದೇ ಉಸಿರಿಗೆ ವಾಪಸ್ ಬರುವ ಯೋಚನೆಯನ್ನು ಮಾತ್ರ ಈಗಲೇ ಬಿಡಿ.

ಲೆಕ್ಕ ಹೀಗಿದೆ. ಎನ್3 ಹೆದ್ದಾರಿಯಲ್ಲಿ ಡರ್ಬನ್‌ಗೆ ಸುಮಾರು 570 ಕಿ.ಮೀ., ಅಲ್ಲಿಂದ ದಕ್ಷಿಣಕ್ಕೆ ಮಾರ್ಗೇಟ್‌ಗೆ ಇನ್ನೂ 130. ಒಟ್ಟು 700. ಗುಂಪಿನ ವೇಗವನ್ನು ನಿರ್ಧರಿಸುವುದು ಸಾಮಾನ್ಯವಾಗಿ ಅತಿ ಚಿಕ್ಕ ಟ್ಯಾಂಕ್ ಅನ್ನುತ್ತಾರೆ. ನಿಮ್ಮ ಗುಂಪಿಗೆ ಅದು ಹೊಂದುವುದಿಲ್ಲ: ಕ್ಲಾಸಿಕ್‌ಗೆ 13 ಲೀಟರ್, ಹಿಮಾಲಯನ್‌ಗೆ 15, ಜಿಎಸ್‌ಗೆ 20 ಇದ್ದರೂ ಮೈಲೇಜ್ ಲೆಕ್ಕ ಹಾಕಿದರೆ ನಾಲ್ಕೂ ಬೈಕುಗಳು ಹೆಚ್ಚುಕಡಿಮೆ ಒಂದೇ ದೂರ ಓಡುತ್ತವೆ. ನಿಮ್ಮನ್ನು ತಡೆಹಿಡಿಯುವುದು ಕ್ಲಾಸಿಕ್‌ನ ಎಂಜಿನ್. ಅದರದು 20 ಚಿಲ್ಲರೆ ಅಶ್ವಶಕ್ತಿ. ಜೋಹಾನ್ಸ್‌ಬರ್ಗ್ ಇರುವುದು ಸುಮಾರು 1,750 ಮೀಟರ್ ಎತ್ತರದಲ್ಲಿ, ಗಾಳಿ ತೆಳು. ಟರ್ಬೊ ಇಲ್ಲದ ಯಾವ ಎಂಜಿನ್ ಆದರೂ ಅಲ್ಲಿ ಆರನೇ ಒಂದು ಪಾಲಿನಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಲಗೇಜ್ ಕಟ್ಟಿಕೊಂಡು ಏರಿನಲ್ಲಿ 90–95 ಬಂದರೆ ಅದೇ ದೊಡ್ಡದು.

ಆ 95ರಲ್ಲಿ ಒಂದು ಇಕ್ಕಟ್ಟಿದೆ. ಹೆದ್ದಾರಿಯ ಮಿತಿ 120, ಭಾರಿ ಲಾರಿಗಳ ಮಿತಿ 80. ಡರ್ಬನ್ ಬಂದರಿನ ಸರಕೆಲ್ಲ ಓಡುವುದು ಇದೇ ರಸ್ತೆಯಲ್ಲಿ. ಹಾಗಾಗಿ ಲಾರಿಗಳನ್ನು ನೀವು ಓವರ್‌ಟೇಕ್ ಮಾಡುತ್ತಲೇ ಇರಬೇಕು, ಅದೇ ಹೊತ್ತಿಗೆ ಹಿಂದಿನಿಂದ ಕಾರುಗಳು ಬಾಲಕ್ಕೆ ಅಂಟಿಕೊಳ್ಳುತ್ತವೆ. ದಾರಿ ಬಿಡಲೆಂದು ಹಳದಿ ಗೆರೆ ದಾಟಿ ರಸ್ತೆಯಂಚಿಗೆ ಸರಿಯುವುದು ಇಲ್ಲಿ ಕಾರಿನವರ ವಾಡಿಕೆ. ಬೈಕಿನಲ್ಲಿ ಅದನ್ನು ಅನುಸರಿಸಬೇಡಿ. ಸಿಡಿದ ಲಾರಿ ಟೈರಿನ ಪಟ್ಟಿ, ತಂತಿ, ಗಾಜು ಎಲ್ಲ ಬಿದ್ದಿರುವುದು ಅಲ್ಲೇ. ಕ್ಲಾಸಿಕ್ ಮುಂದಿನಿಂದ ಎರಡನೆಯದಾಗಿ ಹೋಗಲಿ, ಜಿಎಸ್ ಕೊನೆಯಲ್ಲಿರಲಿ. ದೊಡ್ಡ ಬೈಕ್ ಮುಂದಿದ್ದರೆ ಅರ್ಧ ಗಂಟೆಯಲ್ಲಿ ಗುಂಪು ಚದುರುತ್ತದೆ. ಕನ್ನಡಿಯಲ್ಲಿ ಹಿಂದಿನವರ ದೀಪ ಕಾಣುತ್ತಿರಬೇಕು. ಹೇಗೂ ಇಲ್ಲಿ ಬೈಕುಗಳಿಗೆ ಹಗಲಲ್ಲೂ ಹೆಡ್‌ಲೈಟ್ ಕಡ್ಡಾಯ.

ಊಟ, ಪೆಟ್ರೋಲ್, ಟೋಲ್ ಸೇರಿಸಿದರೆ ಗಂಟೆಗೆ ಸರಾಸರಿ 75 ಕಿ.ಮೀ. ಹಿಡಿಯಿರಿ. ಬೆಳಿಗ್ಗೆ 6.30ಕ್ಕೆ ಹೊರಟರೆ ನಾಲ್ಕರ ಸುಮಾರಿಗೆ ತಲುಪುತ್ತೀರಿ. ಏಪ್ರಿಲ್ ಕೊನೆಗೆ ಕರಾವಳಿಯಲ್ಲಿ ಐದೂವರೆಯೊಳಗೆ ಸೂರ್ಯ ಮುಳುಗುತ್ತಾನೆ, ಅಂದರೆ ಕೈಯಲ್ಲಿ ಉಳಿಯುವುದು ಒಂದೂವರೆ ಗಂಟೆ. ಡರ್ಬನ್–ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ ರಸ್ತೆ ಅಗಲೀಕರಣದ ಕೆಲಸ ಇದ್ದರೆ ಅದರಲ್ಲೂ ಅರ್ಧ ಹೋಗುತ್ತದೆ.

ಈಗ ಇದನ್ನೇ ತಿರುಗಿಸಿ ನೋಡಿ. ರ‍್ಯಾಲಿಯ ಶನಿವಾರ ನಡುರಾತ್ರಿ ದಾಟಿದ ಮೇಲೆಯೇ ಮುಗಿಯುವುದು. ಭಾನುವಾರ ಟೆಂಟ್ ಮಡಚಿ ಒಂಬತ್ತಕ್ಕೆ ಹೊರಟರೆ ಹ್ಯಾರಿಸ್ಮಿತ್ ತಲುಪುವಾಗಲೇ ಮೂರು. ಅಲ್ಲಿಂದಾಚೆ ಇನ್ನೂ ಸುಮಾರು 270 ಕಿ.ಮೀ. ಇರುತ್ತದೆ, ಕೊನೆಯ ಭಾಗ ಕತ್ತಲೆಯಲ್ಲೇ. ರಾತ್ರಿ ಹೆದ್ದಾರಿ ದಾಟುವ ಜನ, ದನ, ಗುಂಡಿ ಯಾವುದೂ ಕಾಣುವುದಿಲ್ಲ. ರಜೆಯಿಂದ ಮರಳುವ ಕಾರುಗಳಿಂದ ಟೋಲ್‌ಗಳಲ್ಲಿ ಸಾಲು ಬೇರೆ. ಆದ್ದರಿಂದ ಭಾನುವಾರ ರಾತ್ರಿ ಹ್ಯಾರಿಸ್ಮಿತ್‌ನಲ್ಲಿ ತಂಗಿ ಸೋಮವಾರ ಬೆಳಿಗ್ಗೆ ಮನೆಗೆ ಬನ್ನಿ. ಏಪ್ರಿಲ್ 27 ಫ್ರೀಡಂ ಡೇ. ಅದು ಭಾನುವಾರ ಬಿದ್ದ ವರ್ಷ ಸೋಮವಾರವೂ ರಜೆ ಸಿಗುತ್ತದೆ. ಶನಿವಾರ ಬಿದ್ದರೆ ಸಿಗದು.

ಹ್ಯಾರಿಸ್ಮಿತ್ ಮತ್ತು ಲೇಡಿಸ್ಮಿತ್ ನಡುವೆ ವ್ಯಾನ್ ರೀನನ್ ಘಾಟಿ. ನಮ್ಮ ಶಿರಾಡಿಯಂಥ ತಿರುವುಗಳು ಇಲ್ಲಿಲ್ಲ. ತೊಂದರೆ ಕೊಡುವುದು ಮಂಜು, ಅಡ್ಡಗಾಳಿ, ಬ್ರೇಕ್ ಕಾದ ಲಾರಿಗಳು. ಅಡ್ಡಗಾಳಿಯಲ್ಲಿ ಲಾರಿಯ ಮರೆಯಿಂದ ಹೊರಬಂದ ಕ್ಷಣ ಬೈಕ್ ಪಕ್ಕಕ್ಕೆ ಜಿಗಿಯುತ್ತದೆ. ಹ್ಯಾಂಡಲ್ ಬಿಗಿ ಹಿಡಿಯಬೇಡಿ, ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ. ಮುಂದೆ ಮೂಯಿ ರಿವರ್‌ನಿಂದ ಹೌಯಿಕ್‌ವರೆಗೆ ಮತ್ತೆ ಮಂಜು ಸಿಗಬಹುದು. ಹವಾಮಾನ ವರದಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: 2024ರ ಸೆಪ್ಟೆಂಬರ್‌ನಲ್ಲಿ, ಚಳಿಗಾಲ ಮುಗಿಯಿತು ಎನ್ನುವಾಗ, ಹಿಮ ಬಿದ್ದು ಇದೇ ಭಾಗದಲ್ಲಿ ಎನ್3 ಮುಚ್ಚಿತ್ತು.

ಲಾರಿಗಳ ಸಹವಾಸ ಸಾಕಾದರೆ ಮೂಯಿ ರಿವರ್ ನಂತರ ಆರ್103ಕ್ಕೆ ಇಳಿಯಿರಿ. ಇದು ಹಳೆಯ ಡರ್ಬನ್ ರಸ್ತೆ, 350ಕ್ಕೆ ಹೇಳಿ ಮಾಡಿಸಿದ ದಾರಿ. ನಾಟಿಂಗ್‌ಹ್ಯಾಮ್ ರೋಡ್ ದಾಟಿ ಹೌಯಿಕ್ ಹತ್ತಿರ, 1962ರ ಆಗಸ್ಟ್ 5ರಂದು ಮಂಡೇಲಾ ಅವರನ್ನು ಬಂಧಿಸಿದ ಜಾಗ ಸಿಗುತ್ತದೆ. 50 ಉಕ್ಕಿನ ಕಂಬಗಳು ಒಂದು ಕೋನದಿಂದ ನೋಡಿದಾಗ ಮಾತ್ರ ಅವರ ಮುಖವಾಗುತ್ತವೆ. ಮುಕ್ಕಾಲು ಗಂಟೆ ಹೋದರೂ ನಷ್ಟವಿಲ್ಲ.

ಟೈರ್ ಗಾಳಿಯ ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಇಲ್ಲಿನ ಬಂಕ್‌ಗಳ ಗೇಜ್ ಕಿಲೊಪಾಸ್ಕಲ್ ಅಥವಾ ಬಾರ್‌ನಲ್ಲಿರುತ್ತದೆ: 36 ಪಿಎಸ್ಐ ಅಂದರೆ 250 ಕಿಲೊಪಾಸ್ಕಲ್, 42 ಅಂದರೆ 290. ಜಿಎಸ್‌ಗೆ ಮುಂದೆ–ಹಿಂದೆ ಇವೇ ಅಂಕಿ. ಜೋಹಾನ್ಸ್‌ಬರ್ಗ್‌ನಲ್ಲಿ ಹೊರಗಿನ ವಾಯುಭಾರ ಕಡಿಮೆ, ಸಮುದ್ರಮಟ್ಟದಲ್ಲಿ ಹೆಚ್ಚು. ಅಲ್ಲಿ 36 ತುಂಬಿಸಿದ ಟೈರ್, ಒಂದಿಷ್ಟೂ ಗಾಳಿ ಸೋರದಿದ್ದರೂ ಮಾರ್ಗೇಟ್‌ನಲ್ಲಿ 33ರ ಆಸುಪಾಸು ತೋರಿಸುತ್ತದೆ. ಪಂಚರ್ ಅಂತ ಹೆದರಬೇಡಿ. ಭಾನುವಾರ ಬೆಳಿಗ್ಗೆ ತಣ್ಣಗಿರುವಾಗ ಸರಿಮಾಡಿ. ಮನೆಗೆ ಬಂದ ಮೇಲೆ ಅದೇ ಮೂರು ಪಿಎಸ್ಐ ಹೆಚ್ಚು ತೋರಿಸುತ್ತದೆ, ಆಗ ಇಳಿಸಿ.

ಪಂಚರ್‌ಗೆ ಎರಡು ಬಗೆಯ ಸಾಮಾನು ಬೇಕು. ಜಿಎಸ್‌ನದು ಟ್ಯೂಬ್‌ಲೆಸ್, ಅದಕ್ಕೆ ಪ್ಲಗ್ ಕಿಟ್ ಸಾಕು. 16 ಗ್ರಾಂ ಗ್ಯಾಸ್ ಕಾರ್ಟ್ರಿಜ್ ನಂಬಿಕೊಳ್ಳಬೇಡಿ, ದೊಡ್ಡ ಹಿಂದಿನ ಟೈರ್‌ಗೆ ಮೂರು ನಾಲ್ಕು ಬೇಕಾಗುತ್ತದೆ. ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟ್ ಪಂಪ್ ಒಂದು ನಾಲ್ವರಿಗೂ ಆಗುತ್ತದೆ. ಹಿಮಾಲಯನ್ 411ರದು ಕಡ್ಡಿ ಚಕ್ರ, ಒಳಗೆ ಟ್ಯೂಬ್. 21 ಮತ್ತು 17 ಇಂಚಿನ ಒಂದೊಂದು ಟ್ಯೂಬ್, ಮೂರು ಟೈರ್ ಲಿವರ್, ಆ್ಯಕ್ಸಲ್‌ಗೆ ಹೊಂದುವ ಸ್ಪ್ಯಾನರ್ ಇರಲಿ. ಹೊಸ ಟ್ಯೂಬ್ ಹಾಕುವಾಗ ಅದು ಆಕಾರಕ್ಕೆ ಬರುವಷ್ಟು ಗಾಳಿ ಮೊದಲೇ ಹಾಕಿ. ಇಲ್ಲದಿದ್ದರೆ ಲಿವರ್‌ಗೂ ರಿಮ್‌ಗೂ ನಡುವೆ ಸಿಕ್ಕಿ ಅದೂ ಹರಿಯುತ್ತದೆ.

ಪೆಟ್ರೋಲ್ ಬೆಲೆಯನ್ನು ಸರ್ಕಾರ ತಿಂಗಳಿಗೊಮ್ಮೆ ನಿಗದಿ ಮಾಡುವುದರಿಂದ ಅಗ್ಗದ ಬಂಕ್ ಹುಡುಕುತ್ತಾ ಅಲೆಯಬೇಡಿ. ಟೋಲ್ ಬೈಕಿಗೂ ಕಾರಿನಷ್ಟೇ. ಕಾರ್ಡನ್ನು ಗ್ಲೌಸ್ ಬಿಚ್ಚದೆ ಸಿಗುವ ಜೇಬಿನಲ್ಲಿಡಿ. ಬೆಂಗಳೂರಿನ ಗೆಳೆಯನ ಲೈಸೆನ್ಸ್ ಇಂಗ್ಲಿಷ್‌ನಲ್ಲಿದ್ದು ಫೋಟೋ ಇದ್ದರೆ ಕಾನೂನಿಗೆ ಸಾಕು. ಬಾಡಿಗೆಯವರು ಅಂತರರಾಷ್ಟ್ರೀಯ ಪರವಾನಗಿ ಕೇಳಬಹುದು, ಆರ್‌ಟಿಒದಿಂದ ಮಾಡಿಸಿಕೊಂಡೇ ಬರಲಿ. ಕುಡಿದರೆ ಬೈಕ್ ಮುಟ್ಟಬೇಡಿ. ರ‍್ಯಾಲಿ ರಾತ್ರಿ ಊರ ಬಾಯಲ್ಲಿ ಪೊಲೀಸರು ತಪಾಸಣೆಗೆ ನಿಲ್ಲುವುದು ಸಾಮಾನ್ಯ. ತುರ್ತಿಗೆ ಮೊಬೈಲಿನಿಂದ 112.

ಸಸ್ಯಾಹಾರಿಗಳಿದ್ದರೆ ಮೊದಲೇ ಯೋಚಿಸಿ. ರ‍್ಯಾಲಿ ಮೈದಾನದಲ್ಲಿ ಕೆಂಡದ ಮೇಲಿರುವುದೆಲ್ಲ ಮಾಂಸವೇ, ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಂಥ ಪಾಪ್. ಡರ್ಬನ್‌ನಲ್ಲಿ ಬೀನ್ಸ್ ಬನ್ನಿ ಚೌ ಸಿಗುತ್ತದೆ: ಬ್ರೆಡ್ಡಿನ ಹೊಟ್ಟೆ ತೋಡಿ ಬೀನ್ಸ್ ಕಾಳಿನ ಖಾರದ ಪಲ್ಯ ತುಂಬಿದ್ದು. ಕಾಲು ಬ್ರೆಡ್ಡಿನದು ತೆಗೆದುಕೊಳ್ಳಿ, ಅರ್ಧ ತಿಂದರೆ ಮುಂದಿನ ದಾರಿಯಲ್ಲಿ ನಿದ್ದೆ ಬರುತ್ತದೆ. ಶನಿವಾರಕ್ಕೆ ಚಪಾತಿ, ಗೊಜ್ಜವಲಕ್ಕಿ ಕಟ್ಟಿಕೊಂಡು ಹೋಗಿ.

ಮೈದಾನದ ನೆಲ ಮೆತ್ತಗಿದ್ದರೆ ಸೈಡ್ ಸ್ಟ್ಯಾಂಡ್ ಹೂತು ರಾತ್ರೋರಾತ್ರಿ ಬೈಕ್ ಮಗುಚುತ್ತದೆ, ಪಕ್ಕದ್ದನ್ನೂ ಕೆಡವುತ್ತದೆ. ಅಂಗೈಯಗಲದ ಹಲಗೆ ಅಡಿಗೆ ಇಡಿ. ಚೈನ್‌ಗೆ ಶುಕ್ರವಾರ ತಲುಪಿದ ಕೂಡಲೇ, ಅದು ಬಿಸಿ ಇರುವಾಗಲೇ ಎಣ್ಣೆ ಬಿಡಿ (ಜಿಎಸ್‌ಗೆ ಚೈನ್ ಬದಲು ಶಾಫ್ಟ್, ಬೆಂಗಳೂರಿನ ಗೆಳೆಯನಿಗೆ ಈ ಕೆಲಸವಿಲ್ಲ). ಮನೆಗೆ ಬಂದ ಮೇಲೆ ಬರೀ ಸಿಹಿನೀರಿನಲ್ಲಿ ತೊಳೆದು ಇನ್ನೊಮ್ಮೆ ಬಿಡಿ. ಕಡಲಗಾಳಿಯ ಉಪ್ಪು ಕೂತ ಚೈನ್ ವಾರದಲ್ಲಿ ಕೆಂಪಗಾಗುತ್ತದೆ.