ನಾಲ್ಕು ಟ್ಯಾಬ್, ಇಪ್ಪತ್ತೆಂಟು ಮಕ್ಕಳು: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಪ್ರಶ್ನೆ: ಸರ್, ನಮ್ದು ಹಳ್ಳಿ ಸರ್ಕಾರಿ ಶಾಲೆ. ನಾಲ್ಕನೇ ಕ್ಲಾಸಲ್ಲಿ 28 ಮಕ್ಕಳಿದಾರೆ, ದಾನಿಗಳೊಬ್ರು ನಾಲ್ಕು ಟ್ಯಾಬ್ ಕೊಟ್ಟಿದಾರೆ. ಗುಂಪು ಮಾಡಿ ಕೊಟ್ರೆ ಒಬ್ಬ ಹುಡುಗ ಹಿಡ್ಕೊಂಡು ಕೂತುಬಿಡ್ತಾನೆ, ಉಳಿದವ್ರು ಅವನ ಹೆಗಲ ಮೇಲಿಂದ ಇಣುಕ್ತಾರೆ, ಹಿಂದಿನ ಇಬ್ರು ಕಿಟಕಿ ಆಚೆ ನೋಡ್ತಿರ್ತಾರೆ. ಗಲಾಟೆ ಬೇರೆ. ಎಚ್‌ಎಂ (ಹೆಡ್‌ಮಾಸ್ಟರ್) ಅವ್ರು "ಬೀರುಲಿಟ್ಟು ಬೀಗ ಹಾಕಿ ಮೇಡಂ, ಒಡೆದೋದ್ರೆ ಯಾರು ಉತ್ತರ ಕೊಡ್ತಾರೆ" ಅಂತಾರೆ. ಎಲ್ಲರಿಗೂ ಒಂದೊಂದು ಟ್ಯಾಬ್ ಇಲ್ದೆ ಇದೆಲ್ಲ ಆಗೋ ಕೆಲಸಾನಾ?
– ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ಮೇಡಂ, ಒಂದೊಂದು ಸಿಕ್ಕಿದ್ರೆ ಗಲಾಟೆ ನಿಲ್ತಿತ್ತು, ಜೊತೆಗೆ ಮಕ್ಕಳು ಒಬ್ರಿಗೊಬ್ರು ಆಡೋ ಮಾತೂ ನಿಲ್ತಿತ್ತು. ಪೆರು ದೇಶದಲ್ಲಿ ಹಳ್ಳಿ ಶಾಲೆ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ್ರು, 2012ರ ಅಧ್ಯಯನ ನೋಡಿದ್ರೆ ಗಣಿತದಲ್ಲೂ ಭಾಷೇಲೂ ಹೇಳ್ಕೊಳ್ಳೋ ಸುಧಾರಣೆ ಏನೂ ಕಾಣ್ಲಿಲ್ಲ. ಅದೇ ಗುಜರಾತಿನ ವಡೋದರಾದಲ್ಲಿ 2000ದ ದಶಕದ ಶುರುವಲ್ಲಿ ನಾಲ್ಕನೇ ಕ್ಲಾಸಿನವ್ರನ್ನೇ ಒಂದು ಕಂಪ್ಯೂಟರ್‌ಗೆ ಇಬ್ರಂತೆ ಕೂರಿಸಿ ವಾರಕ್ಕೆ ಎರಡು ಗಂಟೆ ಲೆಕ್ಕದ ಆಟ ಆಡಿಸಿದ್ರು, ಗಣಿತ ಚೆನ್ನಾಗೇ ಮೇಲೆ ಬಂತು. ಇಬ್ರು ಕೂತಿದ್ದಕ್ಕೇ ಹಾಗಾಯ್ತು ಅಂತ ನಾನು ಹೇಳಲ್ಲ, ಆ ಆಟ ಮಗು ಎಲ್ಲಿದೆಯೋ ಆ ಮಟ್ಟದ ಲೆಕ್ಕನೇ ಕೊಡ್ತಿತ್ತು. ಆದ್ರೆ ಹಂಚ್ಕೊಂಡ್ರೆ ಕಲಿಕೆ ಕೆಡುತ್ತೆ ಅನ್ನೋ ಭಯ ಬೇಡ. ಇನ್ನೊಂದು, ಕಾರ್ಯಕ್ರಮ ನಿಂತು ಒಂದು ವರ್ಷ ಆಗೋಷ್ಟರಲ್ಲಿ ಆ ಲಾಭ ಬಹುಪಾಲು ಕರಗಿಹೋಗಿತ್ತು, ಹಾಗಾಗಿ ಇನ್‌ಸ್ಪೆಕ್ಷನ್ ದಿನಕ್ಕೆ ಮಾತ್ರ ಟ್ಯಾಬ್ ತೆಗೆಯೋದಾದ್ರೆ ತೆಗೀಲೇಬೇಡಿ.

ನಿಮ್ಮ ತೊಂದರೆ ಟ್ಯಾಬ್ ಕಮ್ಮಿ ಇರೋದಲ್ಲ, ಒಂದು ಟ್ಯಾಬ್‌ಗೆ ಏಳು ಮಕ್ಕಳನ್ನ ಕೂರಿಸ್ತಿರೋದು. ಈ ಮಕ್ಕಳು ಮೂರನೇ ಕ್ಲಾಸಿನವರೆಗೂ, ಚಟುವಟಿಕೆ ಮೂಲಕ ಕಲಿಸೋ ನಲಿಕಲಿಲಿ ಬೆಳೆದವ್ರು. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿ ನೋಡ್ಕೊಂಡು ಬಂದು ನಮ್ಮ ಮೇಷ್ಟ್ರುಗಳೇ ಶುರುಮಾಡಿದ ಪದ್ಧತಿ ಅದು. ಅದ್ರಲ್ಲಿ ಮಕ್ಕಳು 'ತಟ್ಟೆ' ಅನ್ನೋ ಗುಂಪುಗಳಲ್ಲಿ ಕೂರ್ತಾರೆ: ಒಂದು ತಟ್ಟೆಗೆ ಟೀಚರ್ ಪೂರ್ತಿ ಜೊತೇಲಿರ್ತಾರೆ, ಇನ್ನೊಂದಕ್ಕೆ ಸ್ವಲ್ಪ, ಮತ್ತೊಂದ್ರಲ್ಲಿ ಗೆಳೆಯರೇ ಹೇಳ್ಕೊಡ್ತಾರೆ, ಕಡೇದ್ರಲ್ಲಿ ಮಗು ತಾನೇ ಕಲಿಯುತ್ತೆ. ಇಷ್ಟೆಲ್ಲ ಗೊತ್ತಿರೋ ಮಕ್ಕಳನ್ನ ನಾಲ್ಕನೇ ಕ್ಲಾಸಿಗೆ ಬಂದ ತಕ್ಷಣ ಸಾಲಾಗಿ ಬೋರ್ಡ್ ಕಡೆ ಮುಖ ಮಾಡಿ ಕೂರಿಸಿಬಿಡ್ತೀವಿ, ಆಮೇಲೆ ಗುಂಪಲ್ಲಿ ಕೆಲಸ ಮಾಡೋಕೆ ಬರಲ್ಲ ಅಂತ ಬೈತೀವಿ! ಅದೇ ತಟ್ಟೆ ಲೆಕ್ಕಕ್ಕೆ ವಾಪಸ್ ಹೋಗಿ. ಅರ್ಧ ಕ್ಲಾಸ್ ನಿಮ್ಮ ಹತ್ರ ನೋಟ್‌ಬುಕ್ ಕೆಲಸ ಮಾಡ್ಲಿ, ಉಳಿದ 14 ಜನಕ್ಕೆ ನಾಲ್ಕು ಟ್ಯಾಬ್, ಅಂದ್ರೆ ಒಂದಕ್ಕೆ ಮೂರೋ ನಾಲ್ಕೋ ಮಕ್ಕಳು, ಮುಂದಿನ ಪೀರಿಯಡ್‌ಗೆ ಅದಲುಬದಲು.

ಆಮೇಲೆ ಕೆಲವೇ ಕೆಲವು ರೂಲ್ ಇಡಿ: ಟ್ಯಾಬ್ ಹಿಡಿದವ್ರು ತಾವಾಗೇ ಏನೂ ಒತ್ತೋ ಹಾಗಿಲ್ಲ, ಪಕ್ಕದವ್ರು ಹೇಳಿದ್ದನ್ನ ಮಾತ್ರ ಒತ್ತಬೇಕು. ಮೂರನೆಯವ್ರು ಬರೀಬೇಕು. ಪ್ರತಿ ಪ್ರಶ್ನೆಗೂ ಟ್ಯಾಬ್ ಕೈ ಬದಲಾಗ್ಬೇಕು. ಟ್ಯಾಬ್ ತೆಗೆಯೋಕ್ ಮುಂಚೆ ಪ್ರತಿಯೊಬ್ರೂ ತಮ್ಮ ಅಂದಾಜು ಉತ್ತರ ನೋಟ್‌ಬುಕ್‌ಲಿ ಬರೆದಿರ್ಲಿ, ಇಲ್ದಿದ್ರೆ ಜಾಣ ಹೇಳಿದ್ದಕ್ಕೆ ಎಲ್ರೂ ಹೂಂ ಅಂತಾರೆ. ಕೊನೇಲಿ ಚೀಟಿ ಎತ್ತಿ, ಯಾರ ಹೆಸರು ಬರುತ್ತೋ ಅವ್ರೇ ಎದ್ದು ಗುಂಪಿನ ಉತ್ತರ ವಿವರಿಸ್ಬೇಕು. ತನ್ನ ಹೆಸರೂ ಬರಬಹುದು ಅಂತ ಗೊತ್ತಾದ್ರೆ ಕಿಟಕಿ ನೋಡೋನು ಈ ಕಡೆ ತಿರುಗ್ತಾನೆ, ಅವನಿಗೆ ಹೇಳ್ಕೊಡೋ ಜವಾಬ್ದಾರಿ ಉಳಿದವ್ರಿಗೂ ಬರುತ್ತೆ.

ಯಾವ ಆ್ಯಪ್ ಅಂತ ಮುಂದಿನ ಪತ್ರದಲ್ಲಿ ಕೇಳ್ತೀರ, ಈಗಲೇ ಹೇಳ್ಬಿಡ್ತೀನಿ. ನನ್ನ ಪ್ರಕಾರ ಪ್ರೈಮರಿ ಕ್ಲಾಸಿಗೆ ಟ್ಯಾಬಲ್ಲಿರೋ ಅತಿ ಒಳ್ಳೇ ವಸ್ತು ವಾಯ್ಸ್ ರೆಕಾರ್ಡರ್, ನೆಟ್ ಬೇಡ, ದುಡ್ಡು ಬೇಡ. ಪ್ರಥಮ್ ಬುಕ್ಸ್‌ನವ್ರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಓದೋ ಮಟ್ಟದ ಪ್ರಕಾರ ಫ್ರೀಯಾಗಿ ಸಿಗ್ತವೆ, ಮನೇಲೇ ಡೌನ್‌ಲೋಡ್ ಮಾಡ್ಕೊಂಡು ಹೋಗಿ. ಒಂದು ಗುಂಪಿಗೆ ಒಂದು ಕಥೆ. ಒಬ್ರು ಕಥೆ ಹೇಳೋರು, ಇಬ್ರು ಪಾತ್ರ, ಒಬ್ರು ಸದ್ದು ಮಾಡೋರು (ಪೇಪರ್ ಉಜ್ಜಿದ್ರೆ ಮಳೆ, ತೆಂಗಿನ ಚಿಪ್ಪು ಬಡಿದ್ರೆ ಕುದುರೆ). ರೇಡಿಯೋ ನಾಟಕದ ತರ ರೆಕಾರ್ಡ್ ಮಾಡಿ ತಾವೇ ಕೇಳಿಸ್ಕೊಳ್ಳಲಿ. ಹಕಾರ ಅಕಾರ ಅದಲುಬದಲಾಗಿದ್ದು, ಪೂರ್ಣವಿರಾಮ ಬಂದ್ರೂ ನಿಲ್ಲಿಸದೆ ಓಡಿದ್ದು, ನೀವು ಬಾಯಿಬಿಟ್ಟು ಹೇಳ್ಬೇಕಾಗಿಲ್ಲ, "ಏ ಇನ್ನೊಂದ್ಸಲ ಮಾಡೋಣ ಕಣೋ" ಅಂತ ಅವ್ರೇ ಶುರುಮಾಡ್ತಾರೆ. ಓದೋದ್ರಲ್ಲಿ ಹಿಂದಿರೋ ಮಗು ಅದೇ ಎರಡು ಸಾಲನ್ನ ಎಷ್ಟು ಸಲ ಓದಿದ್ರೂ ನಾಚ್ಕೊಳ್ಳಲ್ಲ, ಯಾಕಂದ್ರೆ ಅದು ಪಾಠ ಅಲ್ಲ, ರಿಹರ್ಸಲ್. ಗಲಾಟೆ ಜಾಸ್ತಿ ಆದ್ರೆ ಒಂದೊಂದು ಗುಂಪನ್ನ ವರಾಂಡಕ್ಕೋ ಮರದ ಕೆಳಗೋ ಕಳ್ಸಿ.

ಎಚ್‌ಎಂ ಅವ್ರ ಭಯಾನೂ ಸುಳ್ಳಲ್ಲ. ರಿಪೇರಿ ಖರ್ಚಿನ ವಿಷಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೇಲಿ ಇಟ್ಟು ನಡಾವಳಿ ಬರೆಸ್ಕೊಂಡ್ಬಿಡಿ. ಚಾರ್ಜ್ ಇಲ್ದೆ ತಿಂಗಳುಗಟ್ಲೆ ಬೀರುಲಿ ಬಿದ್ದಿದ್ರೂ ಬ್ಯಾಟರಿ ಕೆಡುತ್ತೆ, ಅದನ್ನೂ ಅವ್ರ ಕಿವಿಗೆ ಹಾಕಿ.

ಪ್ರಶ್ನೆ: ಮಗಳು ಮೂರನೇ ಕ್ಲಾಸ್, ಪ್ರೈವೇಟ್ ಸ್ಕೂಲ್. "ಗ್ರೂಪ್ ಪ್ರಾಜೆಕ್ಟ್, ಸೌರಮಂಡಲದ ಪಿಪಿಟಿ" ಅಂತ ಕೊಟ್ಟಿದಾರೆ. ನಾಲ್ಕು ಜನ ಅಮ್ಮಂದಿರು ವಾಟ್ಸಾಪ್ ಗ್ರೂಪ್ ಮಾಡ್ಕೊಂಡು ರಾತ್ರಿ ಹನ್ನೊಂದರವರೆಗೂ ಸ್ಲೈಡ್ ಮಾಡ್ತಿದೀವಿ. ಇದು ಮಕ್ಕಳು ಸೇರಿ ಕಲಿಯೋದಾ ಸರ್?
– ತಾಯಿ, ಬೆಂಗಳೂರು

ಉತ್ತರ: ಅಮ್ಮಂದಿರು ಸೇರಿ ಕಲೀತಿದೀರಲ್ಲಮ್ಮ, ಅಷ್ಟಾದ್ರೂ ಆಯ್ತು. ಮೂರನೇ ಕ್ಲಾಸಿನ ಮಕ್ಕಳು ಒಂದೇ ಜಾಗದಲ್ಲಿ ಕೂತು ಜಗಳ ಆಡಿ ಒಪ್ಕೊಂಡ್ರೆ ಮಾತ್ರ ಅದು ಗುಂಪು ಕೆಲಸ, ಮನೆಗೆ ಕಳಿಸಿದ್ರೆ ಅದು ಅಪ್ಪ ಅಮ್ಮನ ಹೋಮ್‌ವರ್ಕ್. ಗ್ರೂಪ್ ಹೇಗೂ ಇದೆ, ನಾಲ್ಕೂ ಜನ ಒಟ್ಟಿಗೆ ಹೋಗಿ "ಇದನ್ನ ಕ್ಲಾಸಲ್ಲೇ ಎರಡು ಪೀರಿಯಡ್ ಕೊಟ್ಟು ಚಾರ್ಟ್ ಮೇಲೆ ಮಾಡಿಸಿ" ಅಂತ ಟೀಚರ್‌ನ ಕೇಳಿ. ಅಂಕುಡೊಂಕಾಗಿ ಬಂದ್ರೂ ಪರವಾಗಿಲ್ಲ.

ಪ್ರಶ್ನೆ: ಮಕ್ಕಳ ಗುಂಪು ಚಟುವಟಿಕೆ ವಿಡಿಯೋ ನನ್ನ ವಾಟ್ಸಾಪ್ ಸ್ಟೇಟಸ್‌ಗೂ ಯೂಟ್ಯೂಬ್‌ಗೂ ಹಾಕ್ತೀನಿ, ಲೈಕ್ ಚೆನ್ನಾಗಿ ಬರುತ್ತೆ. ಸಹೋದ್ಯೋಗಿ ಒಬ್ರು ತಪ್ಪು ಅಂತಾರೆ, ಏನು ತಪ್ಪು?
– ಹೊಸ ಶಿಕ್ಷಕ, ಹಾಸನ

ಉತ್ತರ: ಅವ್ರು ಹೇಳಿದ್ದೇ ಸರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವ್ರ ಮಾಹಿತಿ ಬಳಸೋಕೆ ಹೆತ್ತವರ ಅಥವಾ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಕಾನೂನು ಬಿಡಿ, ಲೆಕ್ಕ ತಪ್ಪಿ ಮುಖ ಸಣ್ಣಗೆ ಮಾಡ್ಕೊಂಡ ಮಗುವನ್ನ ಊರೆಲ್ಲ ನೋಡೋದು ಯಾಕೆ? ತೋರಿಸ್ಲೇಬೇಕು ಅನ್ಸಿದ್ರೆ ಮಕ್ಕಳು ಮಾಡಿದ ಚಾರ್ಟ್, ಮಾದರಿ, ಬರೀ ಕೈಗಳ ಫೋಟೋ ಹಾಕಿ, ಹೆಸರು ಬೇಡ. ಹಳೇ ವಿಡಿಯೋಗಳನ್ನ ಇವತ್ತೇ ತೆಗೀರಿ.