ಟೋಕಿಯೋದಲ್ಲಿ ಸುಶಿ: ಎಲ್ಲಿ ಕೂರಬೇಕು, ಏನು ಹೇಳಬೇಕು?

ನಿಮ್ಮ ಪ್ರಶ್ನೆ ಇಷ್ಟು: ನವೆಂಬರ್‌ನಲ್ಲಿ ಜಪಾನಿಗೆ ಹೊರಟಿದ್ದೀರಿ. ಆರು ದಿನ ಟೋಕಿಯೋ, ಆಮೇಲೆ ಕ್ಯೋಟೋ. ನಿಮಗೆ ಮೀನು ಆಗುತ್ತದೆ, ನಿಮ್ಮ ಮನೆಯವರು ಸಸ್ಯಾಹಾರಿ. ಸುಶಿಗೆ ಯಾವ ಹೋಟೆಲು, ಕೂತ ಮೇಲೆ ಏನು ಹೇಳಬೇಕು?

ನನ್ನ ಊರು ಮಲ್ಪೆ. ಕೆಲಸದ ಮೇಲೆ ಹೋಗಿ ಏಳು ವರ್ಷ ಟೋಕಿಯೋದ ನಿಶಿ-ಕಸಾಯಿಯಲ್ಲಿದ್ದೆ. ನಮ್ಮ ಐಟಿ ಮಂದಿ ಜಾಸ್ತಿ ಇರುವ ಬಡಾವಣೆ ಅದು. ಮೊದಲ ಎರಡು ವರ್ಷ ನಾನೂ ಎಲ್ಲರ ಹಾಗೆ ಸಾಲ್ಮನ್, ಟ್ಯೂನಾ, ಮತ್ತೆ ಸಾಲ್ಮನ್ ಅಂತಲೇ ತಿಂದೆ. ಒಂದು ಸಂಜೆ ಮನೆ ಹತ್ತಿರದ ಎಂಟು ಕುರ್ಚಿಯ ಅಂಗಡಿಯಲ್ಲಿ ಯಜಮಾನರು, ‘ನಿಮ್ಮ ಊರಲ್ಲಿ ಯಾವ ಮೀನು ತಿನ್ನುತ್ತಾರೆ?’ ಅಂತ ಕೇಳಿದರು. ಫೋನಿನಲ್ಲಿ ಬಂಗುಡೆಯ ಫೋಟೋ ತೋರಿಸಿದೆ. ‘ಓ, ಸಾಬಾ!’ ಅಂದವರೇ ಒಂದು ತುತ್ತು ಮುಂದಿಟ್ಟರು. ಉಪ್ಪು ಹಿಡಿಸಿ ವಿನೆಗರ್‌ನಲ್ಲಿ ಅದ್ದಿದ ಬಂಗುಡೆಯ ಜಾತಿಯ ಮೀನು. ಮಸಾಲೆ ಇಲ್ಲ, ಒಲೆ ಕಂಡಿಲ್ಲ. ಆದರೂ ನಾಲಗೆಗೆ ತಕ್ಷಣ ಗುರುತು ಸಿಕ್ಕಿತು.

ಹಾಗಾಗಿ ನನ್ನ ಉತ್ತರ ಒಂದು ಕಡೆಗೆ ವಾಲಿದೆ, ಮೊದಲೇ ಹೇಳಿಬಿಡುತ್ತೇನೆ. ಯಾವ ಅಂಗಡಿಗೆ ಹೋದರೂ ಬೆಳ್ಳಿ ಬಣ್ಣದ ಚರ್ಮದ ಮೀನುಗಳನ್ನು ಹೇಳಿ. ಅಲ್ಲಿ ಇವಕ್ಕೆ ‘ಹಿಕಾರಿಮೋನೋ’ ಅನ್ನುತ್ತಾರೆ, ಅಂದರೆ ಹೊಳೆಯುವಂಥವು. ಸಾಬಾ ಬಂಗುಡೆಯ ನೆಂಟ, ಇವಾಶಿ ಬೂತಾಯಿಯ ನೆಂಟ. ಆಜಿ ಅಂತ ಇನ್ನೊಂದಿದೆ, ಅದರ ಮೇಲೆ ವಾಸಾಬಿಗಿಂತ (ಮೂಗಿಗೇರುವ ಖಾರದ ಹಸಿರು ಮುದ್ದೆ) ಹೆಚ್ಚಾಗಿ ತುರಿದ ಶುಂಠಿ, ಹೆಚ್ಚಿದ ಈರುಳ್ಳಿ ಸೊಪ್ಪು ಇಡುತ್ತಾರೆ. ಮತ್ತೆ ಕೊಹಾದಾ. ಚಿಕ್ಕ ಮೀನು, ಮುಳ್ಳು ಜಾಸ್ತಿ, ಸುಶಿ ಬಿಟ್ಟರೆ ಬೇರೆ ಕಡೆ ಅದಕ್ಕೆ ಅಂಥ ಮರ್ಯಾದೆ ಇಲ್ಲ. ಬೆಳೆದ ಹಾಗೆ ಹೆಸರೂ ಬದಲಾಗುತ್ತದೆ: ಮರಿಗೆ ಶಿಂಕೋ, ಆಮೇಲೆ ಕೊಹಾದಾ, ನಂತರ ನಾಕಾಜುಮಿ, ಕೊನೆಗೆ ಕೊನೊಶಿರೋ.

ಒಳ್ಳೆಯ ಟ್ಯೂನಾವನ್ನು ದುಡ್ಡಿದ್ದವರು ಯಾರು ಬೇಕಾದರೂ ಕೊಂಡು ತಂದು ಕತ್ತರಿಸಿ ಇಡಬಹುದು. ಕೊಹಾದಾ ಹಾಗಲ್ಲ. ಉಪ್ಪು ಎಷ್ಟು ಹೊತ್ತು, ವಿನೆಗರ್ ಎಷ್ಟು ಹೊತ್ತು ಅನ್ನುವುದು ಮೀನಿನ ಗಾತ್ರ, ಕೊಬ್ಬು, ಆವತ್ತಿನ ಸೆಕೆ ನೋಡಿ ಬದಲಾಗುತ್ತದೆ. ಸ್ವಲ್ಪ ತಪ್ಪಿದರೆ ಒಂದೋ ನಾತ, ಇಲ್ಲವೇ ಉಪ್ಪಿನಕಾಯಿ. ಅಲ್ಲಿ ಹಳಬರು ಹೊಸ ಅಂಗಡಿಗೆ ಹೋದರೆ ಮೊದಲು ಕೊಹಾದಾ ಹೇಳಿ ನೋಡುವುದು ಇದಕ್ಕೇ.

ಟೋಕಿಯೋ ಸುಶಿಯ ಮೂಲವೂ ಇದೇ ಅಲ್ವಾ. 1820ರ ದಶಕದಲ್ಲಿ, ಟೋಕಿಯೋ ಇನ್ನೂ ಎದೋ ಆಗಿದ್ದಾಗ, ಹನಾಯಾ ಯೋಹೇಯಿ ಎಂಬಾತ ಕೈಯಲ್ಲಿ ಹಿಡಿದ ಅನ್ನದ ಮೇಲೆ ಮೀನಿಟ್ಟು ಮಾರಿ ಹೆಸರು ಮಾಡಿದ. ‘ನಿಗಿರಿ’ ಅಂದರೆ ಮುಷ್ಟಿಯಲ್ಲಿ ಹಿಡಿದದ್ದು. ನಮ್ಮ ಕೈತುತ್ತೇ ಅದು. ಆಗ ಫ್ರಿಜ್ ಎಲ್ಲಿಂದ ಬರಬೇಕು? ಅದಕ್ಕೇ ಉಪ್ಪು, ವಿನೆಗರ್, ಸೋಯಾ ಸಾಸಿನಲ್ಲಿ ನೆನೆಸುವುದು, ಬೇಯಿಸುವುದು. ಈಗ ಎಲ್ಲರೂ ಬಾಯಿ ಬಿಡುವ ‘ತೋರೋ’, ಅಂದರೆ ಟ್ಯೂನಾದ ಕೊಬ್ಬಿನ ಹೊಟ್ಟೆಭಾಗ, ಆ ಕಾಲದಲ್ಲಿ ಬೇಗ ಕೆಡುತ್ತದೆ ಅಂತ ಎಸೆಯುವ ಮಾಲು. ಹಸಿ ಸಾಲ್ಮನ್ ಅಂತೂ ತೀರಾ ಹೊಸದು. 1980ರ ದಶಕದಲ್ಲಿ ನಾರ್ವೆಯವರು ತಮ್ಮ ಸಾಕಿದ ಸಾಲ್ಮನ್ ಮಾರಲು ಜಪಾನಿನಲ್ಲಿ ಪಟ್ಟು ಹಿಡಿದು ಕೂತ ಮೇಲೆ ಬಂದದ್ದು. ತಿನ್ನಬೇಡಿ ಅನ್ನುತ್ತಿಲ್ಲ. ಅದನ್ನು ಬೆಂಗಳೂರಿನಲ್ಲೂ ತಿನ್ನಬಹುದು ಅಂತಷ್ಟೇ.

ಇನ್ನು ಅಂಗಡಿಗಳು.

ಮೊದಲ ದಿನ ಸುಮ್ನೆ ಬೆಲ್ಟ್ ಸುಶಿಗೆ, ಅಂದರೆ ಪ್ಲೇಟುಗಳು ಬೆಲ್ಟಿನ ಮೇಲೆ ಸಾಗಿ ಬರುವ ಅಂಗಡಿಗೆ ಹೋಗಿ. ಸುಶಿರೋ, ಕುರಾ, ಹಾಮಾ, ಯಾವುದಾದರೂ ಆದೀತು. ಪ್ಲೇಟಿಗೆ 120 ಯೆನ್ ಆಸುಪಾಸಿನಿಂದ ಶುರುವಾಗುತ್ತದೆ, ಊರ ನಡುವೆ ಇನ್ನಷ್ಟು ಜಾಸ್ತಿ. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಬೆಲ್ಟಿನ ಮೇಲೆ ಸಾಗುವುದನ್ನು ನೋಡಿ, 1958ರಲ್ಲಿ ಒಸಾಕಾ ಹತ್ತಿರ ಶಿರಾಯಿಶಿ ಎಂಬವರು ಇದನ್ನು ಶುರು ಮಾಡಿದರು. ಆದರೆ ಈಗ ಬಹಳ ಕಡೆ ಬೆಲ್ಟಿನ ಮೇಲೆ ಸುಶಿ ಸುತ್ತುವುದೇ ಇಲ್ಲ. 2023ರಲ್ಲಿ ಒಬ್ಬ ಹುಡುಗ ಸೋಯಾ ಸಾಸಿನ ಬಾಟಲಿ ನೆಕ್ಕಿದ ವಿಡಿಯೋ ಊರೆಲ್ಲ ಓಡಾಡಿತು. ಆಮೇಲೆ ಸ್ಕ್ರೀನಿನಲ್ಲಿ ಒತ್ತಿದರೆ ನೇರ ನಿಮ್ಮ ಮೇಜಿಗೆ ಪ್ಲೇಟು ಬರುವ ಪದ್ಧತಿ ಹೆಚ್ಚಾಯಿತು. ಸ್ಕ್ರೀನಿನಲ್ಲಿ ಇಂಗ್ಲಿಷ್ ಇರುತ್ತದೆ. ಮಕ್ಕಳಿದ್ದರೆ ಕುರಾ ಒಳ್ಳೆಯದು. ಖಾಲಿ ಪ್ಲೇಟನ್ನು ಮೇಜಿನ ತೂತಿಗೆ ಹಾಕಬೇಕು, ಐದು ಹಾಕಿದರೆ ಒಂದು ಆಟ, ಅದೃಷ್ಟ ಇದ್ದರೆ ಪುಟ್ಟ ಆಟಿಕೆ. ಮಕ್ಕಳಿಲ್ಲದ ನಾವೂ ಆರನೇ ಪ್ಲೇಟು ಬೇಡವೆಂದು ಕೂತವರು ಹತ್ತನೆಯದನ್ನು ಮುಗಿಸಿ ಎದ್ದದ್ದುಂಟು. ಇಲ್ಲಿ ಆಜಿ, ಇವಾಶಿ, ಶಿಮೆ-ಸಾಬಾ (ವಿನೆಗರ್‌ನಲ್ಲಿ ಅದ್ದಿದ ಸಾಬಾ) ಮೂರನ್ನೂ ಒತ್ತಿ. ಅಗ್ಗದ ಮೀನನ್ನು ಅಗ್ಗದ ಅಂಗಡಿಯಲ್ಲಿ ತಿಂದರೆ ಮೋಸವಾಗುವುದು ಕಡಿಮೆ.

ಒಂದು ಎಚ್ಚರಿಕೆ. ಮೇಜಿನ ಬದಿಯಲ್ಲಿ ಒಂದು ಕಪ್ಪು ಬಟನ್ ಇರುವ ನಲ್ಲಿ ಇರುತ್ತದೆ. ಅದು ಕೈ ತೊಳೆಯಲಿಕ್ಕಲ್ಲ ಮಾರಾಯ್ರೆ. ಹಸಿರು ಚಹಾ ಪುಡಿಗೆ ಹಾಕುವ ಕುದಿನೀರು. ನನ್ನ ಎಡಗೈಯ ಎರಡು ಬೆರಳು ಒಂದು ವಾರ ಕೆಂಪಗೆ ಇದ್ದವು.

ಬೆಲ್ಟ್ ಸುಶಿಯಲ್ಲೇ ಒಂದು ಮೆಟ್ಟಿಲು ಮೇಲೆ ಅಂದರೆ ನೆಮುರೋ ಹನಾಮಾರು. ಹೊಕ್ಕೈದೋ ದ್ವೀಪದ ಮೂಲೆಯ ನೆಮುರೋ ಊರಿನವರ ಅಂಗಡಿ. ಟೋಕಿಯೋ ಸ್ಟೇಷನ್ ಎದುರಿಗೆ ಕಿತ್ತೆ ಅನ್ನುವ ಕಟ್ಟಡವಿದೆ, ಹಿಂದೆ ಅದು ದೊಡ್ಡ ಅಂಚೆ ಕಚೇರಿ. ಅದರ ಐದನೇ ಮಹಡಿಯಲ್ಲಿದೆ. ಚೀಟಿ ತೆಗೆದುಕೊಂಡು ಕಾಯಬೇಕು, ಊಟದ ಹೊತ್ತಿಗೆ ಹೋದರೆ ಒಂದು ಗಂಟೆಗೂ ಮೀರುತ್ತದೆ. ಮಧ್ಯಾಹ್ನ ಮೂರರ ಸುಮಾರಿಗೆ ಹೋಗಿ. ನೀವು ಹೋಗುವುದು ಶರತ್ಕಾಲದಲ್ಲಿ, ಆದ್ದರಿಂದ ಇಕುರಾ ಬಿಡಬೇಡಿ. ಅದು ಸಾಲ್ಮನ್ ಮೊಟ್ಟೆ. ಹೊಕ್ಕೈದೋದಲ್ಲಿ ಹೊಸ ಇಕುರಾ ಬರುವ ಕಾಲ ಅದು, ಬಾಯಲ್ಲಿ ಪಟಪಟ ಒಡೆಯುತ್ತದೆ. ಜೊತೆಗೆ ಹೊತಾತೆ ಅನ್ನುವ ದೊಡ್ಡ ಚಿಪ್ಪಿನ ಮಾಂಸ. ಸಾನ್ಮಾ ಸಿಕ್ಕರೆ ಎರಡು ಪ್ಲೇಟು ಹೇಳಿ. ಇದೂ ಬೆಳ್ಳಿ ಮೀನೇ, ಈಚಿನ ವರ್ಷಗಳಲ್ಲಿ ಬಲೆಗೆ ಬೀಳುವುದು ಕಡಿಮೆಯಾಗಿದೆ. ಕೊನೆಗೆ ಏಡಿ ಹಾಕಿದ ಮಿಸೋ (ಹುದುಗಿಸಿದ ಸೋಯಾ ಮುದ್ದೆ) ಸಾರು, ‘ತೆಪ್ಪೋ-ಜಿರು’. ಏಡಿ ಸಾರು ಕುಡಿದು ಬೆಳೆದವರಿಗೆ ವಿವರಣೆ ಬೇಡ.

ಸಮಯ ಇಲ್ಲದ ದಿನ ಶಿಬುಯಾದಲ್ಲಿ ಉಒಗಾಶಿ ನಿಹೊನ್-ಇಚಿ. ನಿಂತುಕೊಂಡೇ ತಿನ್ನುವ ಅಂಗಡಿ, ನಮ್ಮ ದರ್ಶಿನಿ ಇದ್ದ ಹಾಗೆ. ಎದುರಿಗೇ ಕೈಯಲ್ಲಿ ಹಿಡಿದು ಕೊಡುತ್ತಾರೆ, ಇಪ್ಪತ್ತು ನಿಮಿಷದಲ್ಲಿ ಹೊರಗಿರುತ್ತೀರಿ. ಇಲ್ಲಿ ಅನಾಗೋ ಹೇಳಿ. ಅದು ಸಮುದ್ರದ ಹಾವುಮೀನು, ಮೆತ್ತಗೆ ಬೇಯಿಸಿ ಮೇಲೆ ಸಿಹಿ ಸಾಸ್ ಸವರಿರುತ್ತಾರೆ. ಹಸಿಮೀನು ಅಂದರೆ ಹೆದರುವ ಗೆಳೆಯರಿಗೆ ನಾನು ಮೊದಲು ತಿನ್ನಿಸುತ್ತಿದ್ದದ್ದೇ ಇದನ್ನು.

ತೊಯೊಸು ಮೀನು ಮಾರುಕಟ್ಟೆಗೆ ಹೋಗಬೇಕಾ ಅಂತ ಎಲ್ಲರೂ ಕೇಳುತ್ತಾರೆ. 2018ರ ಅಕ್ಟೋಬರ್‌ನಲ್ಲಿ ತ್ಸುಕಿಜಿಯ ಸಗಟು ಮಾರುಕಟ್ಟೆ ಅಲ್ಲಿಗೆ ಹೋಯಿತು. ಹೆಸರಾಂತ ಸುಶಿ ದಾಯಿ, ದಾಯಿವಾ ಸುಶಿ ಎರಡೂ ಜೊತೆಗೇ ಹೋದವು. ಸುಶಿ ದಾಯಿಯಲ್ಲಿ ‘ಒಮಾಕಾಸೆ’ ಹೇಳಬೇಕು, ಅಂದರೆ ‘ನೀವು ಕೊಟ್ಟಿದ್ದು ತಿನ್ನುತ್ತೇನೆ’ ಅಂತ. ಒಂದೊಂದೇ ತುತ್ತು ಬರುತ್ತದೆ, ಕೊನೆಯ ಒಂದನ್ನು ನೀವೇ ಆರಿಸಬಹುದು. ಅಲ್ಲಿ ಏನು ಆರಿಸಬೇಕು ಅಂತ ನಾನು ಮತ್ತೆ ಹೇಳಬೇಕಾಗಿಲ್ಲ. ರುಚಿಯ ಬಗ್ಗೆ ಎರಡು ಮಾತಿಲ್ಲ, ಆದರೆ ನಸುಕಿನಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲಬೇಕು. ಆರು ದಿನದ ಪ್ರವಾಸದಲ್ಲಿ ನಾನಾದರೆ ನಿಲ್ಲುವುದಿಲ್ಲ. ಹೋಗುವುದಿದ್ದರೆ ಯುರಿಕಾಮೊಮೆ ರೈಲಿನ ಶಿಜೋ-ಮಾಯೆ ಸ್ಟೇಷನ್. ಭಾನುವಾರ ರಜೆ, ಎಷ್ಟೋ ಬುಧವಾರಗಳೂ ರಜೆ. ನವೆಂಬರ್ 3 ಮತ್ತು 23 ದೇಶಕ್ಕೇ ರಜೆಯ ದಿನಗಳು. ಕ್ಯಾಲೆಂಡರ್ ನೋಡಿಕೊಂಡೇ ಹೊರಡಿ.

ದುಬಾರಿ ಬಡಾವಣೆ ಗಿಂಜಾದ ಮೂವತ್ತು ನಲವತ್ತು ಸಾವಿರ ಯೆನ್ನಿನ ಕೌಂಟರುಗಳ ಬಗ್ಗೆ ನನ್ನ ಬಳಿ ಜಾಸ್ತಿ ಇಲ್ಲ. ಕಂಪನಿ ದುಡ್ಡಿನಲ್ಲಿ ಎರಡು ಸಲ ಹೋಗಿದ್ದೇನೆ. ಒಬಾಮಾ 2014ರಲ್ಲಿ ತಿಂದ ಸುಕಿಯಾಬಾಶಿ ಜಿರೋ ಅಂತೂ ಮರೆತುಬಿಡಿ. ಸಾಮಾನ್ಯ ಜನರಿಗೆ ಜಾಗ ಸಿಗುವುದಿಲ್ಲ ಅಂತಲೇ ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್‌ನವರು 2019ರಲ್ಲಿ ಅದನ್ನು ಪಟ್ಟಿಯಿಂದ ಬಿಟ್ಟರು. ಅಷ್ಟು ದುಡ್ಡಿಗೆ ಬದಲಾಗಿ, ನೀವು ಉಳಿದುಕೊಳ್ಳುವ ಬಡಾವಣೆಯಲ್ಲಿ ಬಟ್ಟೆಯ ಪರದೆ ತೂಗುಹಾಕಿದ ಪುಟ್ಟ ಸುಶಿ ಅಂಗಡಿ ಹುಡುಕಿ ಮಧ್ಯಾಹ್ನ ಹೋಗಿ. ಊಟದ ಸೆಟ್ಟು ಮೂರು ದರ್ಜೆಯಲ್ಲಿರುತ್ತದೆ: ನಾಮಿ, ಜೋ, ತೊಕುಜೋ. ನಡುವಿನ ‘ಜೋ’ ಹೇಳಿ. ಮುಗಿದ ಮೇಲೆ ‘ಹಿಕಾರಿಮೋನೋ, ಓಸುಸುಮೆ ವಾ?’ ಅನ್ನಿ. ಹೊಳೆಯುವ ಮೀನುಗಳಲ್ಲಿ ಇವತ್ತು ಯಾವುದು ಒಳ್ಳೆಯದು ಅಂತ ಅರ್ಥ. ನನ್ನ ಅನುಭವದಲ್ಲಿ ಯಜಮಾನರ ಮುಖ ಅಲ್ಲಿಗೇ ಅರಳುತ್ತದೆ.

ಕೈಯಲ್ಲೇ ತಿನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸೋಯಾ ಸಾಸ್‌ಗೆ ಮೀನಿನ ಕಡೆ ತಾಗಿಸಬೇಕು, ಅನ್ನದ ಕಡೆ ಅಲ್ಲ. ಅವರೇ ಸಾಸ್ ಸವರಿ ಕೊಟ್ಟಿದ್ದರೆ ಅದೂ ಬೇಡ. ವಾಸಾಬಿ ಬೇಡವಾದರೆ ‘ಸಾಬಿ-ನುಕಿ’. ಟಿಪ್ಸ್ ಕೊಡಬೇಡಿ. ಮತ್ತೆ ‘ಶಿರಾಕೋ’ ಅಂತ ಬೆಳ್ಳಗೆ, ಕೆನೆಯ ಹಾಗೆ ಇರುವ ಒಂದು ಸಿಗುತ್ತದೆ, ಚಳಿಗಾಲದ ತಿನಿಸು. ಅದು ಗಂಡು ಮೀನಿನ ವೀರ್ಯದ ಚೀಲ. ನನಗೆ ಮೂರನೇ ಸಲ ತಿಂದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಇಷ್ಟವಾಗಿಬಿಟ್ಟಿತ್ತು.

ನಿಮ್ಮ ಮನೆಯವರ ವಿಷಯ. ಮೀನಿನ ತುಂಡು ಕಾಣದಿದ್ದ ಮಾತ್ರಕ್ಕೆ ಸಸ್ಯಾಹಾರ ಅಂತ ನಂಬಬೇಡಿ. ತೆಳುವಾಗಿ ಹೆರೆದ ಒಣಮೀನು ಹಾಕಿ ಕಾಯಿಸಿದ ‘ದಾಶಿ’ ನೀರು ಎಲ್ಲದರಲ್ಲೂ ನುಸುಳಿರುತ್ತದೆ. ಮಿಸೋ ಸಾರಿನಲ್ಲಿದೆ, ಮೊಟ್ಟೆಯ ತಮಾಗೋದಲ್ಲಿದೆ. ಸಿಹಿ ತೋಫು ಚೀಲದೊಳಗೆ ಅನ್ನ ತುಂಬಿದ ಇನಾರಿಯಲ್ಲೂ, ಕಾನ್ಪ್ಯೋ ಅನ್ನುವ ಸೋರೆಯ ಎಳೆಯ ಸುರುಳಿಯಲ್ಲೂ ಬಹುತೇಕ ಇರುತ್ತದೆ. ಕೆಲವು ಕಡೆ ಮೇಜಿನ ಸೋಯಾ ಸಾಸಿಗೂ ಬೆರೆಸಿರುತ್ತಾರೆ. ಸೂಟ್‌ಕೇಸಿನಲ್ಲಿ ಪುಟ್ಟ ಸೋಯಾ ಸಾಸ್ ಬಾಟಲಿ ಇರಲಿ. ಹೆಚ್ಚು ಕಡಿಮೆ ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಕಪ್ಪಾ-ಮಾಕಿ, ಅಂದರೆ ಸೌತೆಕಾಯಿ ಸುರುಳಿ. ನಾತ್ತೋ-ಮಾಕಿಯೂ ಇದೆ. ಅದು ಹುದುಗಿದ ಸೋಯಾ ಕಾಳು, ಲೋಳೆ ಲೋಳೆ, ಜೊತೆಗೆ ಕೊಡುವ ಸಾಸ್ ಬೇಡ ಅನ್ನಬೇಕು. ಉಮೆ-ಶಿಸೋ ಸುರುಳಿಯಲ್ಲಿ ಹುಳಿ ಉಪ್ಪಿನಕಾಯಿಯ ತಿರುಳು ಮತ್ತು ಒಂದು ಘಮದ ಎಲೆ ಇರುತ್ತದೆ. ಆ ಉಪ್ಪಿನಕಾಯಿಗೂ ಕೆಲವರು ಒಣಮೀನು ಬೆರೆಸುತ್ತಾರೆ, ಕೇಳಿಯೇ ಹೇಳಿ. ಮೀನಿಲ್ಲದ್ದು ಸಿಕ್ಕರೆ ನಮ್ಮವರಿಗೆ ಇದು ಹಿಡಿಸುತ್ತದೆ. ಪುಟ್ಟ ಅಂಗಡಿಯಲ್ಲಾದರೆ ‘ಮೆನೆಗಿ’ ಕೇಳಿ ನೋಡಿ. ಎಳೆ ಈರುಳ್ಳಿ ಮೊಳಕೆಯ ಕಟ್ಟನ್ನು ಅನ್ನದ ಮೇಲಿಟ್ಟು ಕೊಡುತ್ತಾರೆ. ಆದರೆ ಅವರನ್ನು ಒಮಾಕಾಸೆ ಕೌಂಟರಿಗೆ ಮಾತ್ರ ಕರೆದುಕೊಂಡು ಹೋಗಬೇಡಿ. ಹಸಿವು ಒಂದು ಕಡೆ, ಎದುರಿಗೆ ನಿಂತವರ ಸಂಕೋಚ ಇನ್ನೊಂದು ಕಡೆ.

ಊರಿಗೆ ವಾಪಸಾದ ಮೇಲೆ ಮಾರುಕಟ್ಟೆಯ ಬಂಗುಡೆ ತಂದು ವಿನೆಗರ್‌ನಲ್ಲಿ ಅದ್ದಿ ತಿನ್ನುವ ಸಾಹಸ ಬೇಡ. ಇಂಥ ಮೀನುಗಳಲ್ಲಿ ಇರಬಹುದಾದ ಅನಿಸಾಕಿಸ್ ಹುಳ ವಿನೆಗರ್‌ಗೆ ಸಾಯುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಹೆಪ್ಪುಗಟ್ಟಿಸಬೇಕು ಅಂತ ಜಪಾನಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ನಮ್ಮ ಬಂಗುಡೆಗೆ ಪುಳಿಮುಂಚಿಯೇ ಸರಿ.

ಕ್ಯೋಟೋದಲ್ಲಿ ಒಂದೇ ಕೆಲಸ. ಗಿಯೋನ್‌ನಲ್ಲಿ ಇಜೂ ಅಂತ ಅಂಗಡಿಯಿದೆ, 1781ರಿಂದ ನಡೆಯುತ್ತಿದೆ. ಸಾಬಾ-ಜುಶಿ ಹೇಳಿ. ಕ್ಯೋಟೋಗೆ ಸಮುದ್ರ ದೂರ. ವಾಕಾಸಾ ಕರಾವಳಿಯಲ್ಲಿ ಹಿಡಿದ ಸಾಬಾಗೆ ಉಪ್ಪು ಹಾಕಿ, ಹೊತ್ತುಕೊಂಡು ಗುಡ್ಡ ಹತ್ತಿ ಇಳಿದು ತರುತ್ತಿದ್ದರು. ಊರು ಮುಟ್ಟುವಷ್ಟರಲ್ಲಿ ಉಪ್ಪು ಹದವಾಗಿ ಹಿಡಿದಿರುತ್ತಿತ್ತಂತೆ. ಆ ದಾರಿಗೆ ಈಗಲೂ ‘ಸಾಬಾ ಹೆದ್ದಾರಿ’ ಅಂತಲೇ ಹೆಸರು. ನಮ್ಮ ಒಣಮೀನು ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗುವುದು ನೆನಪಾಗುತ್ತದೆ. ಮೀನಿನ ಮೇಲೆ ದಪ್ಪ ಕೊಂಬು, ಅಂದರೆ ಸಮುದ್ರದ ಪಾಚಿ, ಸುತ್ತಿರುತ್ತಾರೆ. ಅದನ್ನು ಬಿಚ್ಚಿ ಬದಿಗಿಟ್ಟು ತಿನ್ನಬೇಕು. ನಾನು ಮೊದಲ ಸಲ ಅದರ ಸಮೇತ ಹತ್ತು ನಿಮಿಷ ಅಗಿಯುತ್ತಾ ಕೂತಿದ್ದೆ.

ಒಂದು ಪಾರ್ಸೆಲ್ ಕಟ್ಟಿಸಿಕೊಳ್ಳಿ. ಫ್ರಿಜ್‌ನಲ್ಲಿ ಇಡಬೇಡಿ, ಅನ್ನ ಗಟ್ಟಿಯಾಗುತ್ತದೆ. ಸ್ವಲ್ಪ ಹೊತ್ತು ಹಾಗೇ ಕೂತರೆ ಮೀನೂ ಅನ್ನವೂ ಇನ್ನೂ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಟೋಕಿಯೋಗೆ ವಾಪಸ್ ಬರುವ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಎಡಗಡೆಯ ಕಿಟಕಿ ಸೀಟು ಹಿಡಿಯಿರಿ, ನಗೋಯಾ ದಾಟಿ ಫ್ಯೂಜಿ ಪರ್ವತ ಕಾಣುವ ಹೊತ್ತಿಗೆ ಬಿಚ್ಚಿ.