ಗಣಿ ಮುಚ್ಚುವ ದಿನದ ಖರ್ಚು ಯಾರದು?

ಶ್ರೀರಂಗಪಟ್ಟಣ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಮರಳಗಾಲದಲ್ಲೇ ಲಿಥಿಯಂ ಇರುವಾಗ ಪರಿಸರವಾದಿಗಳ ತಕರಾರೇಕೆ? ಇಲ್ಲೇ ತೆಗೆದರೆ ಕಾಂಗೋದ ಮಕ್ಕಳ ಶೋಷಣೆಯೂ ತಪ್ಪುತ್ತದಲ್ಲ?"

ಕಾಂಗೋದ ಮಕ್ಕಳನ್ನು ನೆನೆದಿರಿ, ಸಂತೋಷ. ಆದರೆ ಅವರು ಅಗೆಯುತ್ತಿರುವುದು ಬ್ಯಾಟರಿಗೇ ಬೇಕಾದ ಇನ್ನೊಂದು ಲೋಹ, ಕೋಬಾಲ್ಟ್; ಲಿಥಿಯಂ ಅಲ್ಲ. ಮರಳಗಾಲವನ್ನು ಎಷ್ಟು ಆಳಕ್ಕೆ ತೋಡಿದರೂ ಕಾಂಗೋದ ಗಣಿಯೂರು ಕೊಲ್ವೇಜಿಯ ಗುಂಡಿಯಿಂದ ಒಂದು ಮಗುವೂ ಮೇಲೆ ಬರುವುದಿಲ್ಲ. ಕೋಬಾಲ್ಟ್ ಬೇಡದ ಕಬ್ಬಿಣ-ಫಾಸ್ಫೇಟ್ ಬ್ಯಾಟರಿ ಆಗಲೇ ಮಾರುಕಟ್ಟೆಯಲ್ಲಿದೆ. ಆ ಮಕ್ಕಳನ್ನು ಮೇಲೆತ್ತುವ ಕೆಲಸವನ್ನು ಸ್ವಲ್ಪವಾದರೂ ಮಾಡುವುದಿದ್ದರೆ ಅದೇ.

ಕಲ್ಲಿದ್ದಲಿಗಿಂತ ಬ್ಯಾಟರಿ ಮೇಲು ಎಂಬುದನ್ನು ಒಪ್ಪಿದೆ. ಹಾಗೆಂದು ಮರಳಗಾಲದ ಲೆಕ್ಕ ನೋಡದೆ ಇರಲಾದೀತೆ? 2020ರಲ್ಲಿ 14,100 ಟನ್ ಎಂದು ಸುದ್ದಿಯಾಯಿತು. ಮರುವರ್ಷ ಸರ್ಕಾರವೇ ಹೇಳಿದ್ದು 1,600 ಟನ್. ವಿದ್ಯುತ್ ಕಾರೊಂದಕ್ಕೆ ಎಂಟು ಕಿಲೋ ಎಂದರೂ ಎರಡು ಲಕ್ಷ ಕಾರಿಗೆ ಮುಗಿಯಿತು. ಅದೂ ಬಂಡೆಯಲ್ಲಿ ಸೇರಿಕೊಂಡಿರುವ ಲಿಥಿಯಂ: ಪುಡಿಮಾಡಿ, ಸಾವಿರ ಡಿಗ್ರಿಯಲ್ಲಿ ಕಾಯಿಸಿ, ಗಂಧಕಾಮ್ಲದಲ್ಲಿ ಬೇಯಿಸಬೇಕು. ಉಳಿದ ಹುಡಿಯನ್ನು ಸುರಿಯುವುದು ಯಾರ ಕಬ್ಬಿನ ಗದ್ದೆಯ ಪಕ್ಕದಲ್ಲಿ?

ನಿಮ್ಮದೇ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ತಂತಿ ಎಳೆದದ್ದು ಕೋಲಾರದ ಚಿನ್ನದ ಗಣಿಗೆ. ನೀರಿನಿಂದ ಹುಟ್ಟಿದ ವಿದ್ಯುತ್ತು. ಈಗಿನವರು ಅದಕ್ಕೆ ಹಸಿರು ಗಣಿಯೆಂದು ಪ್ರಮಾಣಪತ್ರವನ್ನೇ ಕೊಟ್ಟುಬಿಡುತ್ತಿದ್ದರು. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು. ಕೆಜಿಎಫ್‌ಗೆ ಹೋಗಿ ಬನ್ನಿ, ಸ್ವಾಮಿ. ಚಿನ್ನ ತೆಗೆದು ಉಳಿದ ಹುಡಿಯ ಸೈನೈಡ್ ದಿಬ್ಬಗಳು ಊರಿನ ನಡುವೆಯೇ ನಿಂತಿವೆ. ಗಾಳಿ ಎದ್ದರೆ ಹುಡಿ ಮನೆಯೊಳಗೆ. ಗಣಿಯಲ್ಲಿ ದುಡಿದವರ ಮಕ್ಕಳು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಮೂರು ಕಿಲೋಮೀಟರ್ ಆಳಕ್ಕೆ ಇಳಿಯುವ ಜಾಣ್ಮೆ ಇದ್ದವರಿಗೆ ಆ ದಿಬ್ಬಕ್ಕೊಂದು ಹೊದಿಕೆ ಹಾಕುವುದು ತಿಳಿಯದೆ ಹೋಯಿತೇ? ಉದ್ಘಾಟನೆಗೆ ಶಾಮಿಯಾನ ಹಾಕುವ ನಾವು ಮುಚ್ಚುವ ದಿನಕ್ಕೆಂದು ಬಿಡಿಗಾಸು ಎತ್ತಿಡುವವರಲ್ಲ.

ಲೋಹ ನಮ್ಮ ಮನೆಗಳಲ್ಲೇ ಬಿದ್ದಿದೆ. ಹಳೆಯ ಬ್ಯಾಟರಿ ವಾಪಸು ಪಡೆದು ಲೋಹ ತೆಗೆಸುವ ಹೊಣೆ ತಯಾರಕರದು ಎನ್ನುತ್ತದೆ 2022ರ ಬ್ಯಾಟರಿ ತ್ಯಾಜ್ಯ ನಿಯಮ. ನಿಯಮ ಇರುವುದು ಅಂಗಡಿಯವರಿಗೆ ಗೊತ್ತಿರಬೇಕಷ್ಟೆ! ನನ್ನ ಮೊಬೈಲಿನ ಬ್ಯಾಟರಿ ಬದಲಿಸಿಕೊಡಿ ಎಂದರೆ, "ಅಂಟು ಹಾಕಿ ಕೂರಿಸಿದ್ದಾರೆ ಸರ್, ಹೊಸ ಸೆಟ್ಟೇ ತಗೊಳ್ಳಿ" ಎಂದ ಹುಡುಗ. ಹಳೆಯದನ್ನು ನೀವು ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ, ಡ್ರಾಯರಿನಲ್ಲಿಡಿ ಎಂಬ ಸಲಹೆ ಬಂತು.